ಹಿಂಬದಿ ಸವಾರೆ

ವಕೀಲಮ್ಮನ ಆಫೀಸು ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಬೈಕಿನಿಂದ ಬಿದ್ದು ಕೈಕಾಲು ಮುರಿದುಕೊಂಡವರ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ಈಕೆ ಮೆಟ್ಟಿಲು ಹತ್ತಿಯೇ ಬರಬೇಕಾದ ಜಾಗದಲ್ಲಿ ಆಫೀಸು ಮಾಡಿಕೊಂಡಿದ್ದಾಳಲ್ಲ ಎಂದು ಬಂದವರೆಲ್ಲ ಗೊಣಗುತ್ತಿದ್ದರು. ಬಾಡಿಗೆ ಕಡಿಮೆ ಎನ್ನುವುದು ಆಕೆಯ ಸಮಜಾಯಿಷಿ. ಅದೂ ಅಲ್ಲದೆ, ಇಷ್ಟು ಮೆಟ್ಟಿಲು ಹತ್ತಿ ಬಂದವರು ಕೇಸನ್ನು ಅರ್ಧಕ್ಕೆ ಬಿಟ್ಟು ಓಡುವುದಿಲ್ಲ ಎಂದು ನಗುತ್ತಿದ್ದಳು.

ಬೈಕ್ ಅಪಘಾತದಲ್ಲಿ ಕಾಲು ಮುರಿದುಕೊಂಡಿದ್ದ ಅವಳೂ ಅಂದು ಗೋಡೆ ಹಿಡಿದು, ಊರುಗೋಲು ಊರಿ, ನಡುವೆ ನಿಂತು ಉಸಿರು ಸುಧಾರಿಸಿಕೊಂಡು ಹತ್ತಿ ಬಂದಿದ್ದಳು. ಬೆಂಚಿನ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡವನೊಬ್ಬ ಕುಳಿತಿದ್ದ. ಮೂಲೆಯಲ್ಲಿ ಯಾರೋ ಮರೆತು ಹೋದ ಊರುಗೋಲೊಂದು ಒರಗಿತ್ತು. ಊರುಗೋಲು ಮರೆತು ಹೋಗುವಷ್ಟು ಗುಣವಾಗುವುದಾದರೆ ತನಗೂ ಅಂಥ ಒಂದು ದಿನ ಬಂದೀತು ಎಂದುಕೊಂಡು ಅವಳು ಕುರ್ಚಿಯಲ್ಲಿ ಕುಳಿತಳು.

ವಕೀಲಮ್ಮ ಪೊಲೀಸರಿಂದ ತರಿಸಿದ ಕಾಗದಗಳನ್ನು ತಿರುವಿ ಹಾಕುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

"ನಿಮ್ಮನ್ನ ಹಿಂದೆ ಕೂರಿಸಿಬಿಟ್ಟಿದ್ದಾರಲ್ಲಮ್ಮ."

ಅವಳಿಗೆ ಅರ್ಥವಾಗಲಿಲ್ಲ. ವಕೀಲಮ್ಮ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬೈಕ್ ಸವಾರ: ಗಂಡ. ಹಿಂಬದಿ ಸವಾರೆ: ಹೆಂಡತಿ, ಗೃಹಿಣಿ.

ಕಾಲು ಮುರಿದಾಗ ಒಂದೇ ಏಟಿಗೆ ಮುರಿದಿತ್ತು. ಇದು ಹಾಗಲ್ಲ, ಒಳಗೆ ಯಾವುದೋ ಒಂದು ನಿಧಾನವಾಗಿ, ಸದ್ದಿಲ್ಲದೆ ಬಿರುಕು ಬಿಡುತ್ತಿತ್ತು. ತನ್ನ ಗಾಡಿ, ತನ್ನ ಲೈಸೆನ್ಸು, ತನ್ನ ಕೈಯಲ್ಲಿದ್ದ ಹ್ಯಾಂಡಲ್ಲು. ಹಿಂಬದಿ ಸವಾರೆಯಂತೆ.

"ಓಡಿಸ್ತಿದ್ದದ್ದು ನಾನು," ಎಂದಳು.

"ನಿಮ್ಮ ಹೇಳಿಕೆಯಲ್ಲೇ ಗಂಡ ಓಡಿಸ್ತಿದ್ರು ಅಂತ ಇದೆ. ಕೆಳಗೆ ನಿಮ್ಮ ಸಹಿ."

ಸಹಿಯ ನೆನಪು ಮಸುಕು ಮಸುಕಾಗಿತ್ತು. ಆಪರೇಷನ್ನಿನ ಮಾರನೆಯ ದಿನ, ಇನ್ನೂ ಮಂಪರಿನಲ್ಲಿರುವಾಗ, ಯಾರೋ ಬೆರಳ ಸಂದಿಗೆ ಪೆನ್ನು ಸಿಕ್ಕಿಸಿದ್ದರು. ಏನು ಬರೆದಿದೆ ಎಂದು ಅವಳು ಕೇಳಿರಲಿಲ್ಲ, ಯಾರೂ ಓದಿ ಹೇಳಿರಲಿಲ್ಲ. ಆದರೆ ಹಿಂದಿನ ದಿನ, ಅವಳು ಆಪರೇಷನ್ ಕೋಣೆಯಲ್ಲಿದ್ದಾಗ, ಪೊಲೀಸರ ಜೊತೆ ಮಾತಾಡಿದವರು ಯಾರು ಎನ್ನುವುದು ಗೊತ್ತಿತ್ತು. ಗಂಡ.

ವಕೀಲಮ್ಮ ಬಿಡಿಸಿ ಹೇಳಿದಳು. ಅಡ್ಡರಸ್ತೆಯಿಂದ ಆಚೀಚೆ ನೋಡದೆ ನುಗ್ಗಿದ್ದು ಗೂಡ್ಸ್ ಗಾಡಿ, ಸರಿ. ಅದಕ್ಕೆ ವಿಮೆ ಮಾಡಿರುವ ಕಂಪನಿಯೇ ಪರಿಹಾರ ಕೊಡಬೇಕು, ಅದೂ ಸರಿ. ಆದರೆ ಕಂಪನಿಯವರು ಈಗ ಈ ಕಾಗದವನ್ನು ಹಿಡಿದುಕೊಂಡಿದ್ದಾರೆ. ಗಂಡನಿಗೆ ಲೈಸೆನ್ಸ್ ಇಲ್ಲ, ಓಡಿಸಲು ಬಾರದವನು ಓಡಿಸಿದ್ದರಿಂದಲೇ ಅಪಘಾತ ಆಯಿತು, ಅಂಥವನ ಕೈಗೆ ಗಾಡಿ ಕೊಟ್ಟದ್ದು ಮಾಲೀಕಳಾದ ಹೆಂಡತಿಯ ತಪ್ಪು ಎಂದು ಅವರ ವಾದ. ಇನ್ನು ದುಡಿಮೆ ಹೋದ ನಷ್ಟವಂತೂ ಬಿಡಿ. ಹಿಂದೆ ಕುಳಿತು ಹೋಗುವ ಗೃಹಿಣಿಗೆ ಬೈಕಿನಿಂದ ಏನು ದುಡಿಮೆ?

"ನೀವೊಬ್ಬರೇ ಹೇಳಿದರೆ ಸಾಲದು. ನಿಮ್ಮ ಸಹಿಯೇ ನಿಮ್ಮ ವಿರುದ್ಧ ಇದೆ. ನಿಮ್ಮವರು ಕಟಕಟೆಗೆ ಬಂದು, ನಾನು ಓಡಿಸ್ತಿರಲಿಲ್ಲ, ನನಗೆ ಓಡಿಸೋಕೇ ಬರಲ್ಲ ಅಂತ ಹೇಳಬೇಕು. ಹೇಳ್ತಾರಾ?"

ಅವಳು ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಲ್ಯಾಬಿನವಳು. ಬೆಳಗಾಗುತ್ತಲೇ ಬೈಕ್ ಏರಿ, ಓಡಾಡಲಾಗದ ಮುದುಕರ, ಬಾಣಂತಿಯರ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ, ಪರೀಕ್ಷೆಗೆಂದು ರಕ್ತ ತೆಗೆದುಕೊಂಡು ಬರುವುದು ಕೆಲಸ. ಮಕ್ಕಳು ಅವಳನ್ನು ಸೂಜಿ ಅಕ್ಕ ಎನ್ನುತ್ತಿದ್ದರು. ಗಾಡಿಯ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಅಡಗುತ್ತಿದ್ದರು. ರಕ್ತ ಬಿಸಿಲಿಗೆ ಕೆಡುವ ಮುಂಚೆ ಲ್ಯಾಬು ಸೇರಬೇಕು, ಹಾಗಾಗಿ ಗಾಡಿಯೇ ಅವಳ ಅನ್ನ. ಅದು ಅಪ್ಪನ ಹಳೆಯ ಬೈಕು. ಗಂಡುಮಕ್ಕಳಿಲ್ಲವಲ್ಲ ಎಂದು ಕೊರಗುವ ಬದಲು ಅಪ್ಪ ಮಗಳನ್ನೇ ಅದರ ಮೇಲೆ ಕೂರಿಸಿ ಕಲಿಸಿದ್ದ.

ಗಂಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಚಿಕ್ಕಂದಿನಲ್ಲಿ ಸೈಕಲ್ ಸಮೇತ ಚರಂಡಿಗೆ ಬಿದ್ದು, ಆ ಹೆದರಿಕೆ ಎದೆಯಲ್ಲಿ ಕೂತು, ಆಮೇಲೆ ಎರಡು ಚಕ್ರದ ಯಾವುದನ್ನೂ ಮುಟ್ಟಿದವರಲ್ಲ. ಇದು ಗೊತ್ತಿದ್ದದ್ದು ಹೆಂಡತಿಗೆ ಮತ್ತು ತಾಯಿಗೆ ಮಾತ್ರ. ಮದುವೆಯಾದ ಹೊಸದರಲ್ಲಿ ಅವಳು ಅವರನ್ನು ಶಾಲೆಯ ಬಾಗಿಲವರೆಗೂ ಬಿಡಲು ಹೋದಾಗ, "ಇಲ್ಲೇ ತಿರುವಿನಲ್ಲಿ ಇಳೀತೀನಿ, ನಿನಗೆ ಹೊತ್ತಾಗುತ್ತೆ," ಎಂದಿದ್ದರು. ಅವಳಿಗೆ ಹೊತ್ತಾಗುತ್ತಿರಲಿಲ್ಲ. ಆದರೂ ಆವತ್ತಿನಿಂದ ತಿರುವಿನಲ್ಲೇ ಇಳಿಸಿದಳು. ಅವರು ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಡೆದು ಹೋಗುವುದನ್ನು ನೋಡಿ, ಗಾಡಿಯನ್ನು ಎಲ್ಲೋ ನೆರಳಿನಲ್ಲಿ ನಿಲ್ಲಿಸಿ ಬರುತ್ತಾರೆಂದು ಮಕ್ಕಳು ತಾವೇ ತೀರ್ಮಾನಿಸಿ, ಬೈಕ್ ಮೇಷ್ಟ್ರು ಎಂದು ಹೆಸರಿಟ್ಟರು. ಮೇಷ್ಟ್ರು ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ.

ಅವಳಿಗೆ ಅದರಿಂದ ನೋವಾಗುತ್ತಿತ್ತೇ? ಇಲ್ಲ. ನಿಜ ಹೇಳಬೇಕೆಂದರೆ ಅದೊಂದು ಕಚಗುಳಿಯಂಥ ಗುಟ್ಟು, ಅವರಿಬ್ಬರದೇ. ಬೆನ್ನ ಹಿಂದೆ ಕುಳಿತ ಆ ಮನುಷ್ಯ ತಿರುವುಗಳಲ್ಲಿ ಅವಳ ಭುಜವನ್ನು ಗಟ್ಟಿಯಾಗಿ ಹಿಡಿಯುವಾಗ, ಲೋಕಕ್ಕೆಲ್ಲ ಲೆಕ್ಕ ಹೇಳಿಕೊಡುವವರು ತನ್ನನ್ನು ನಂಬಿ ಕುಳಿತಿದ್ದಾರಲ್ಲ ಎಂದು ಹಿಗ್ಗಾಗುತ್ತಿತ್ತು. ಹೆಂಗಸರು ಹೀಗೆ ಎಷ್ಟೋ ಸಣ್ಣ ಗುಟ್ಟುಗಳನ್ನು ಗಂಡಂದಿರ ಪರವಾಗಿ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿರುತ್ತಾರೆ. ಭಾರ ಅನ್ನಿಸುವುದಿಲ್ಲ. ಆದರೆ ಆ ಗಂಟೇ ಒಂದು ದಿನ ತನ್ನ ಕಾಲಿಗೆ ತೊಡರಿಕೊಳ್ಳಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

ಆಸ್ಪತ್ರೆಯಲ್ಲಿ, ಹೆಂಡತಿಯ ತೊಡೆಗೆ ಕಬ್ಬಿಣದ ಸಲಾಕೆ ಹಾಕುತ್ತಿರುವ ಹೊತ್ತಿನಲ್ಲೂ, ಇವರಿಗೆ ಬೈಕ್ ಮೇಷ್ಟ್ರ ಹೆಸರು ಉಳಿಸಿಕೊಳ್ಳುವ ಯೋಚನೆ ಬಂತೇ?

ಅವಳು ಕೇಳಲಿಲ್ಲ. ಕೇಳಿ, ಅವರು ಹೌದು ಎಂದುಬಿಟ್ಟರೆ, ಆಮೇಲೆ ಈ ಮನೆಯಲ್ಲಿ ಹೇಗೆ ಉಣ್ಣುವುದು, ಹೇಗೆ ಮಲಗುವುದು? ಮನೆಗೆ ಬಂದು ಇಷ್ಟೇ ಹೇಳಿದಳು: ಕಾಗದದಲ್ಲಿ ನೀವು ಓಡಿಸ್ತಿದ್ರಿ ಅಂತ ಇದೆಯಂತೆ, ವಕೀಲಮ್ಮ ನಿಮ್ಮನ್ನು ಸಾಕ್ಷಿಗೆ ಕರೆಯುತ್ತಾರಂತೆ.

ಮೇಷ್ಟ್ರು ಅವಳಿಗೆ ಮಾತ್ರೆ ಬಿಡಿಸಿಕೊಡುತ್ತಿದ್ದರು. ಕೈ ಒಂದು ಗಳಿಗೆ ನಿಂತಿತು. ಮುಖವೆತ್ತಿ ಅವಳನ್ನು ನೋಡಿದರು. ಆ ನೋಟದಲ್ಲಿ ಏನಿತ್ತೋ, ಅವಳಿಗೆ ಹಿಡಿಯಲಾಗಲಿಲ್ಲ.

"ಬರ್ತೀನಿ," ಎಂದರು. ಮಾತ್ರೆಯನ್ನು ಅವಳ ಅಂಗೈಗೆ ಹಾಕಿ, "ನೀನು ಏನು ಹೇಳು ಅಂತೀಯೋ ಅದನ್ನೇ ಹೇಳ್ತೀನಿ," ಎಂದರು.

ಅವಳಿಗೆ ಮೈ ಉರಿಯಿತು. ಬರೆಸಿದ್ದು ಇವರು, ಈಗ ಹೊರೆ ನನ್ನ ತಲೆಗೆ. "ನಡೆದದ್ದು ಹೇಳಿ, ಸಾಕು," ಎಂದು ಗೋಡೆಯ ಕಡೆ ತಿರುಗಿಕೊಂಡಳು. ತಿರುಗಿಕೊಳ್ಳುವುದಕ್ಕೂ ಅವರೇ ಕೈ ಕೊಡಬೇಕಾಯಿತು.

ಅಷ್ಟರಲ್ಲಿ ವಿಮಾ ಕಂಪನಿಯವರು ರಾಜಿಗೆ ಬಂದರು. ಸಣ್ಣದೊಂದು ಮೊತ್ತ ಕೊಡುತ್ತಾರಂತೆ. ಹಿಂಬದಿ ಸವಾರೆ ಎಂದು ಒಪ್ಪಿ ಸಹಿ ಹಾಕಿದರೆ ಕೋರ್ಟು ಕಚೇರಿಯ ಅಲೆದಾಟವೇ ಇಲ್ಲ. ಕಂಪನಿಯ ಮನುಷ್ಯ ಮನೆಗೇ ಬಂದು, ಚೊಕ್ಕವಾಗಿ ಮಾತಾಡಿ, ಕೊಟ್ಟ ಟೀ ಕುಡಿದು ಹೋದ.

ಅತ್ತೆ ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದರು. ಅತ್ತೆ ಕೆಟ್ಟವರಲ್ಲ. ಇಷ್ಟು ದಿನ ಸೊಸೆಯ ತಲೆ ಬಾಚಿ, ಬೆನ್ನೊರೆಸಿ, ಕೂತಲ್ಲೇ ತಟ್ಟೆ ತಂದುಕೊಟ್ಟವರು. ಆದರೆ ಮಗನ ಮಾತು ಬಂದರೆ ಅವರ ತಕ್ಕಡಿಯ ಒಂದು ತಟ್ಟೆ ತಾನಾಗಿ ಕೆಳಗಿಳಿಯುತ್ತಿತ್ತು. ಹತ್ತಿರ ಬಂದು ಕೂತು, ಬಂದದ್ದು ತಗೊಂಡು ಸುಮ್ಮನಾಗು ಎಂದರು. ಗಂಡಸು ಹೆಂಡತಿ ಬೆನ್ನಿಗೆ ಅಂಟಿಕೊಂಡು ಹೋಗ್ತಾನೆ ಅಂತ ಕೋರ್ಟಿನಲ್ಲಿ ಕೂಗಿ ಹೇಳಿದರೆ ನಾಳೆ ಅವನು ಶಾಲೆಯಲ್ಲಿ ತಲೆ ಎತ್ತಿ ಪಾಠ ಮಾಡುವುದು ಹೇಗೆ? ಹಿಂದೆ ಕೂತಿದ್ದೆ ಅಂದರೆ ನಿನ್ನ ಗಂಟೇನು ಹೋಗುತ್ತೆ?

"ಕಾಲು ಹೋಗಿದೆಯಲ್ಲ ಅತ್ತೆ," ಎಂದಳು ಅವಳು. "ಇದ್ದದ್ದು ಅದೊಂದು ಕೆಲಸ. ಅದನ್ನೂ ನಾನು ಮಾಡ್ತಾನೇ ಇರಲಿಲ್ಲ ಅಂತ ನಾನೇ ಬರೆದುಕೊಡಬೇಕಾ?"

ಅತ್ತೆ ಎದ್ದು ಹೋದರು. ಅಡುಗೆಮನೆಯಲ್ಲಿ ಪಾತ್ರೆಗಳು ಅಂದು ತುಸು ಹೆಚ್ಚೇ ಮಾತಾಡಿದವು.

ಅಂದು ಅವಳು ತನ್ನೊಳಗೆ ತಾನೇ ಬಹಳ ಹೊತ್ತು ನ್ಯಾಯ ಮಾಡಿಕೊಂಡಳು. ರಾಜಿ ಮಾಡಿಕೊಂಡರೆ ಆಸ್ಪತ್ರೆಯ ಸಾಲ ತೀರುತ್ತದೆ, ಗಂಡನ ಮಾನ ಉಳಿಯುತ್ತದೆ, ಮನೆ ತಣ್ಣಗಿರುತ್ತದೆ. ಒಪ್ಪದಿದ್ದರೆ ಕಟಕಟೆಯಲ್ಲಿ ಗಂಡ ಏನು ಹೇಳುತ್ತಾರೋ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅವರು ಕಾಗದಕ್ಕೇ ಅಂಟಿಕೊಂಡರೆ ಪರಿಹಾರವೂ ಇಲ್ಲ, ಗಂಡನೂ ಇಲ್ಲ. ಮನೆಯಲ್ಲಿ ಇರುತ್ತಾರೆ, ಆದರೆ ಇರುವುದಿಲ್ಲ. ಇಷ್ಟೆಲ್ಲ ತೂಗಿ ನೋಡಿದರೂ, ಹಿಂಬದಿ ಸವಾರೆ ಎಂಬ ಆ ಎರಡು ಪದದ ಕೆಳಗೆ ಸಹಿ ಹಾಕುವ ತನ್ನ ಕೈಯನ್ನು ಅವಳಿಗೆ ಊಹಿಸಿಕೊಳ್ಳಲು ಆಗಲಿಲ್ಲ. ಒಮ್ಮೆ ತಿಳಿಯದೆ ಹಾಕಿಯಾಗಿತ್ತು. ತಿಳಿದು ಹಾಕಲಾರಳು.

ಕೋರ್ಟಿನ ಕೋಣೆ ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಫ್ಯಾನು ಕೊಂಯ್‌ಗುಟ್ಟುತ್ತಿತ್ತು. ನ್ಯಾಯಾಧೀಶರು ನಿವೃತ್ತಿಯ ಅಂಚಿನಲ್ಲಿದ್ದ, ಕನ್ನಡಕವನ್ನು ಹಣೆಗೇರಿಸಿಕೊಂಡು ಎಲ್ಲ ಕಡೆ ಹುಡುಕುವ ಪೈಕಿಯವರು. ಕಂಪನಿಯ ವಕೀಲರು ಮಾತ್ರ ಬಲು ಚುರುಕು. ಇಸ್ತ್ರಿಯ ಗೆರೆ ಅವರ ಪ್ಯಾಂಟಿನಲ್ಲಷ್ಟೇ ಅಲ್ಲ, ಮಾತಿನಲ್ಲೂ ಇತ್ತು.

ಮೊದಲು ಅವಳ ಸರದಿ. ನಿಂತು ಹೇಳಲಾರಳೆಂದು ಕುರ್ಚಿ ಕೊಟ್ಟರು. ತನ್ನ ಕೆಲಸ, ತನ್ನ ಗಾಡಿ, ಆವತ್ತಿನ ಬೆಳಗ್ಗೆ, ಅಡ್ಡರಸ್ತೆಯಿಂದ ಬಂದ ಗೂಡ್ಸ್ ಗಾಡಿ, ಎಲ್ಲವನ್ನೂ ಹೇಳಿದಳು. ಕಂಪನಿಯ ವಕೀಲರು ಸಹಿ ತೋರಿಸಿ, ಇದು ನಿಮ್ಮದೇ ತಾನೆ ಎಂದರು. ಹೌದು ಎಂದಳು. ಓದಿ ಹಾಕಿದ್ದೇ ಎಂದರು. ಮಂಪರಿನಲ್ಲಿ ಏನು ಓದಲಿ ಎಂದಳು. ಆಮೇಲೆ ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, ತೆಳ್ಳಗೆ ನಕ್ಕರು.

"ಅಷ್ಟು ಭಾರದ ಗಾಡೀನ ನಿಮ್ಮಂಥವರು ನಿಲ್ಲಿಸೋಕಾದ್ರೂ ಆಗುತ್ತೇನಮ್ಮ?"

"ನಿಲ್ಲಿಸೋಕೆ ಸ್ಟ್ಯಾಂಡ್ ಇರುತ್ತೆ ಸರ್. ನಾನು ಓಡಿಸೋಳು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲಮ್ಮ ಕಾಗದದ ಹಿಂದೆ ಮುಖ ಮರೆಸಿಕೊಂಡಳು. ಆದರೆ ಅವಳಿಗೆ ಗೆದ್ದ ಖುಷಿ ಇರಲಿಲ್ಲ. ಅವಳ ಕಣ್ಣು ಬಾಗಿಲ ಬಳಿ ನಿಂತ ಗಂಡನ ಮೇಲಿತ್ತು. ಇಸ್ತ್ರಿ ಮಾಡಿದ ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿಕೊಂಡು, ಇನ್ಸ್‌ಪೆಕ್ಷನ್ನಿಗೆ ಸಿದ್ಧರಾದವರಂತೆ ಬಂದಿದ್ದರು. ಪಕ್ಕದಲ್ಲಿ ಅತ್ತೆ. ಬರಬೇಡಿ ಎಂದರೂ ಕೇಳಿರಲಿಲ್ಲ.

ಮೇಷ್ಟ್ರನ್ನು ಕರೆದರು. ಅವರು ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಿರುವುಗಳಲ್ಲಿ ತನ್ನ ಭುಜ ಹಿಡಿಯುತ್ತಿದ್ದದ್ದೂ ಹೀಗೇ ಎಂದು ಅವಳಿಗೆ ಅನ್ನಿಸಿತು.

ವಕೀಲಮ್ಮ ಬಾಯಿ ತೆರೆಯುವುದಕ್ಕೂ ಬಿಡದೆ ನ್ಯಾಯಾಧೀಶರೇ, ಇದೊಂದು ವಿಷಯ ಇತ್ಯರ್ಥವಾದರೆ ಉಳಿದದ್ದು ಸಲೀಸು ಎಂದು, ನೇರವಾಗಿ ಕೇಳಿದರು. "ಮೇಷ್ಟ್ರೇ, ಅಪಘಾತದ ಹೊತ್ತಿಗೆ ಬೈಕ್ ಓಡಿಸ್ತಿದ್ದದ್ದು ಯಾರು?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ನಮ್ಮನೆಯವರು."

"ನೋಡಿದಿರಾ ಸ್ವಾಮಿ," ಎಂದು ಕಂಪನಿಯ ವಕೀಲರು ಎದ್ದೇಬಿಟ್ಟರು. ಹೇಳಿಕೆಯಲ್ಲೂ ಅಕ್ಷರಕ್ಕೆ ಅಕ್ಷರ ಇದೇ ಇದೆ ಎಂದು ಕಾಗದ ಎತ್ತಿ ಗಟ್ಟಿಯಾಗಿ ಓದಿದರು: ಗಾಡಿಯನ್ನು ನಮ್ಮ ಮನೆಯವರು ಓಡಿಸುತ್ತಿದ್ದರು. ಅರ್ಜಿದಾರಳ ಹೇಳಿಕೆ, ಅರ್ಜಿದಾರಳ ಸಹಿ. ಇನ್ನೇನು ಬೇಕು?

ಓದಿದ್ದು ಮುಗಿದ ಮೇಲೆ ಅವರಿಗೇ ಏನೋ ತೊಡಕಾದಂತಾಗಿ, ಕಾಗದವನ್ನು ಇನ್ನೊಮ್ಮೆ ನೋಡಿಕೊಂಡರು. ನ್ಯಾಯಾಧೀಶರ ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಯಿತು.

"ಒಂದು ನಿಮಿಷ. ಮೇಷ್ಟ್ರೇ, ನಿಮ್ಮ ಮನೆಯವರು ಅಂದ್ರೆ ಯಾರು?"

ಮೇಷ್ಟ್ರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಇವರೇ," ಎಂದು ಕುರ್ಚಿಯಲ್ಲಿದ್ದ ಹೆಂಡತಿಯತ್ತ ಕೈ ತೋರಿಸಿದರು. "ನನಗೆ ಇನ್ನೊಬ್ಬರು ಮನೆಯವರು ಇಲ್ಲ."

"ಪೊಲೀಸರಿಗೂ ನೀವು ಹೀಗೇ ಹೇಳಿದಿರಾ?"

"ಹೌದು. ಆಸ್ಪತ್ರೆಯಲ್ಲಿ ಪೇದೆ ಬಂದು ಕೇಳಿದರು, ಯಾರು ಓಡಿಸ್ತಿದ್ರು ಅಂತ. ನಮ್ಮನೆಯವರು ಓಡಿಸ್ತಿದ್ರು ಅಂದೆ. ಅಷ್ಟರಲ್ಲಿ ಡಾಕ್ಟರು ಕೂಗಿದರು, ಓಡಿದೆ."

ಅವಳ ಕಿವಿಯಲ್ಲಿ ಗುಂಯ್ ಎಂದಿತು. ಗಂಡನ ಬಾಯಿಂದ ಬಂದಿದ್ದರೆ ಮನೆಯವರು ಅಂದರೆ ಹೆಂಡತಿ. ಅದೇ ಮಾತು ಹೆಂಡತಿಯ ಹೆಸರಿನಲ್ಲಿ ಕಾಗದಕ್ಕೆ ಇಳಿದು, ಕೆಳಗೆ ಹೆಂಡತಿಯ ಸಹಿ ಬಿದ್ದರೆ, ಮನೆಯವರು ಅಂದರೆ ಗಂಡ. ಒಂದಕ್ಷರ ಆಚೀಚೆ ಆಗಿರಲಿಲ್ಲ. ಅಷ್ಟರಿಂದಲೇ ಅವಳು ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹೋಗಿ ಕುಳಿತಿದ್ದಳು. ಠಾಣೆಯಲ್ಲಿ ಕುಳಿತು ಪಟ್ಟಿ ಬರೆದವರಿಗೆ ಅನುಮಾನ ಬರಬೇಕಾದ ಕಾರಣವೂ ಇರಲಿಲ್ಲ. ಗಂಡಹೆಂಡತಿ ಬೈಕಿನಲ್ಲಿ ಹೋದರೆ ಮುಂದೆ ಕೂರುವವರು ಯಾರು ಎನ್ನುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿಯಲ್ಲವೇ?

ಇವರು ಸುಳ್ಳು ಹೇಳಿರಲಿಲ್ಲ. ಹೇಳಿರಲೇ ಇಲ್ಲ.

ನ್ಯಾಯಾಧೀಶರು ಕುರ್ಚಿಗೆ ಒರಗಿದರು. "ನಮ್ಮ ಮನೇಲೂ ಇದೇ ಕಥೆ," ಎಂದರು, ಯಾರಿಗೆಂದಿಲ್ಲದೆ. "ನಾನೂ ಅವಳಿಗೆ ನಮ್ಮನೆಯವರು ಅಂತೀನಿ, ಅವಳೂ ನನಗೆ ನಮ್ಮನೆಯವರು ಅಂತಾಳೆ. ಯಾರ ಮನೆ ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ."

ನಗು ಅಲೆಯಂತೆ ಹಿಂದಿನ ಬೆಂಚಿನವರೆಗೂ ಹೋಗಿ ಬಂತು. ಕಂಪನಿಯ ವಕೀಲರು ಮಾತ್ರ ಸೋಲುವವರಲ್ಲ. ಇದೆಲ್ಲ ಈಗ ಕಟ್ಟಿಕೊಂಡು ಬಂದ ಮಾತಿನ ಚಮತ್ಕಾರ ಎಂದರು. ಇಡೀ ಶಾಲೆ ಇವರನ್ನು ಬೈಕ್ ಮೇಷ್ಟ್ರು ಎಂದು ಕರೆಯುತ್ತದೆ, ದಿನಾ ಹೆಲ್ಮೆಟ್ ಹಿಡಿದುಕೊಂಡೇ ಬರುತ್ತಾರೆ, ವಿಚಾರಿಸಿಕೊಂಡೇ ಬಂದಿದ್ದೇನೆ, ಇದು ಸುಳ್ಳಾ ಎಂದು ಕೇಳಿದರು.

ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷ ತಾನೂ ಸೇರಿ ಕಾಪಾಡಿದ ಗುಟ್ಟು ಈಗ ಸಂತೆಯ ನಡುವೆ ಬಿಚ್ಚಿಕೊಳ್ಳಬೇಕು. ಬೇಕು ಎಂದು ಹಟ ಹಿಡಿದವಳೂ ತಾನೇ. ಆದರೂ ಆ ಗಳಿಗೆಯಲ್ಲಿ ಅವಳಿಗೆ ಗಂಡನ ಮುಂದೆ ಅಡ್ಡ ನಿಲ್ಲಬೇಕೆನಿಸಿತು.

"ಸುಳ್ಳಲ್ಲ," ಎಂದರು ಮೇಷ್ಟ್ರು. ಪಾಠ ಮಾಡುವಾಗಿನ ಅದೇ ನಿಧಾನ. "ಹೆಲ್ಮೆಟ್ ಹಿಂದೆ ಕೂರೋರಿಗೂ ಬೇಕಲ್ಲ ಸರ್. ಇವರು ನನ್ನನ್ನ ತಿರುವಿನಲ್ಲಿ ಇಳಿಸಿ ಹೋಗ್ತಿದ್ರು. ಮಕ್ಕಳು ತಪ್ಪು ತಿಳಕೊಂಡರು, ನಾನು ತಿದ್ದಲಿಲ್ಲ. ನನಗೆ ಬೈಕ್ ಬರಲ್ಲ. ಸೈಕಲ್ಲೂ ಬರಲ್ಲ. ನಮ್ಮ ಮನೇಲಿ ಓಡಿಸೋರು ಇವರು, ನಾನು ಹಿಂದೆ ಕೂರೋನು."

"ಬರಲ್ಲ ಅಂತ ಯಾರು ಬೇಕಾದ್ರೂ ಹೇಳಬಹುದು," ಎಂದರು ಕಂಪನಿಯ ವಕೀಲರು. "ಸರಿ, ಗೇರು ಎಲ್ಲಿರುತ್ತೆ ಹೇಳಿ ನೋಡೋಣ."

ಮೇಷ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು. ಹಿಂದೆ ಕುಳಿತು ಇಷ್ಟು ವರ್ಷ ನೋಡಿದ್ದೆಂದರೆ ಹೆಂಡತಿಯ ಬೆನ್ನು ಮತ್ತು ಎರಡೂ ಕಡೆಯ ಮೊಣಕೈ ಮಾತ್ರ. ಹುಬ್ಬು ಗಂಟಿಕ್ಕಿ, ಗಾಳಿಯಲ್ಲಿ ಕೈಯಾಡಿಸಿ, ಕೊನೆಗೆ ಹಾರ್ನ್ ಪಕ್ಕದಲ್ಲೇ ಇರಬೇಕು ಎಂದರು.

"ಅಯ್ಯೋ, ಕಾಲಲ್ಲಿ ರೀ," ಎಂದುಬಿಟ್ಟಳು ಅವಳು, ತಡೆಯಲಾರದೆ.

ಆಮೇಲೆ ಕೋಣೆಯಲ್ಲಿ ನಗದೆ ಉಳಿದವರು ಕಂಪನಿಯ ವಕೀಲರೊಬ್ಬರೇ. ಅತ್ತೆ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ನ್ಯಾಯಾಧೀಶರು ಇನ್ನೊಬ್ಬರ ಸಾಕ್ಷಿಯ ನಡುವೆ ಬಾಯಿ ಹಾಕಬಾರದು ಎಂದು ಅವಳನ್ನು ಗದರಿಸಿದರು, ಆದರೆ ಗದರಿಕೆಗೆ ಬೇಕಾದ ಮುಖ ಅವರಿಗೆ ಕೂಡಿಬರಲಿಲ್ಲ. ಮುಂದಿನ ವಾರದ ವಿಚಾರಣೆಗೆ ಆ ಪೇದೆಯನ್ನೂ ಕರೆಸಿದರು. ಅವನು ತಲೆ ಕೆರೆದುಕೊಂಡು ಒಪ್ಪಿಕೊಂಡ: ಮಾತು ಮೇಷ್ಟ್ರದು, ಆದರೆ ಗಾಯ ದೊಡ್ಡದಾಗಿದ್ದದ್ದು ಅಮ್ಮನವರಿಗೆ, ಹಾಗಾಗಿ ಹೇಳಿಕೆಯನ್ನು ಅವರ ಹೆಸರಿಗೆ ಬರೆದುಕೊಂಡು ಮಾರನೆಯ ದಿನ ಸಹಿ ತಗೊಂಡೆ, ಎರಡು ಸಲ ಯಾಕೆ ಬರೆಯೋದು ಅಂತ.

ಮೇಷ್ಟ್ರ ಸಾಕ್ಷಿ ಮುಗಿದ ದಿನ ಇಬ್ಬರೂ ಕೋರ್ಟಿನ ಓಣಿಯ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಅತ್ತೆ ನೀರು ಹುಡುಕಿಕೊಂಡು ಹೋಗಿದ್ದರು. ಎದುರಿಗೆ ಜನ ಕಡತ ಹಿಡಿದು ಓಡಾಡುತ್ತಿದ್ದರು.

"ನೀವೇ ಹಾಗೆ ಬರೆಸಿದ್ರಿ ಅಂದ್ಕೊಂಡಿದ್ದೆ," ಎಂದಳು ಅವಳು. ಹೇಳುವಾಗ ಮುಖ ನೋಡಲಾಗಲಿಲ್ಲ. "ಇಷ್ಟು ತಿಂಗಳೂ."

ಮೇಷ್ಟ್ರು ಅವಳ ಕಡೆ ತಿರುಗಿದರು. ಆಮೇಲೆ ಮೆಲ್ಲನೆ, "ನಾನು ನೀನು ಬರೆಸಿದೆ ಅಂದ್ಕೊಂಡಿದ್ದೆ," ಎಂದರು. "ನಿನ್ನ ಸಹಿ ಇತ್ತಲ್ಲ. ಅಂಥ ನೋವಿನಲ್ಲೂ ನನ್ನ ಮಾನ ಉಳಿಸೋಕೆ ಹೀಗೆ ಹೇಳಿದ್ದಾಳಲ್ಲ ಅಂತ... ಕೇಳೋಕೆ ಧೈರ್ಯ ಬರಲಿಲ್ಲ. ನಿಜ ಹೇಳಿದರೆ ನಿನ್ನನ್ನ ಸುಳ್ಳಿ ಮಾಡಿದ ಹಾಗಾಗುತ್ತೆ, ಹೇಳದಿದ್ದರೆ ನಿನ್ನ ಕೆಲಸ, ನಿನ್ನ ಕಾಲು... ಅದಕ್ಕೇ ನೀನು ಹೇಳು ಅಂದದ್ದನ್ನೇ ಹೇಳ್ತೀನಿ ಅಂದದ್ದು."

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾನು ಅವರನ್ನು ಇದ್ದದ್ದಕ್ಕಿಂತ ಸಣ್ಣವರೆಂದು ತಿಳಿದುಕೊಂಡು ಒಳಗೊಳಗೇ ಸುಡುತ್ತಿದ್ದಾಗ, ಅವರು ತನ್ನನ್ನು ಇದ್ದದ್ದಕ್ಕಿಂತ ದೊಡ್ಡವಳೆಂದು ತಿಳಿದು ತಲೆಬಾಗಿದ್ದರು. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಮಾತಿನ ಎರಡು ಅರ್ಥಗಳನ್ನು ಇಬ್ಬರೂ ಬೇರೆ ಬೇರೆ ಹೊದ್ದುಕೊಂಡಿದ್ದರು. ಮೌನದಲ್ಲಿ ಎಷ್ಟು ಬೇಗ ಇನ್ನೊಂದು ಸಂಸಾರವೇ ಕಟ್ಟಿಕೊಂಡುಬಿಡುತ್ತದೆ.

"ಅಷ್ಟೊಂದು ಒಳ್ಳೆಯವಳಲ್ಲ ನಾನು," ಎಂದಳು. "ಎಚ್ಚರ ಇದ್ದಿದ್ರೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರೇ ಬರೆಸ್ತಿದ್ದೆ."

"ಗೊತ್ತಾಯ್ತು," ಎಂದರು ಮೇಷ್ಟ್ರು. "ಗೇರು ಕಾಲಲ್ಲಿ ಅಂತ ಕೂಗಿದಾಗಲೇ ಗೊತ್ತಾಯ್ತು."

ತೀರ್ಪಿನ ದಿನ ವಕೀಲಮ್ಮ ಅವಳ ಪಕ್ಕದಲ್ಲೇ ಕುಳಿತು, ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಇಂಥವನ್ನು ಎಷ್ಟೋ ಕಂಡವಳಿಗೂ ಅಂದು ಅಂಗೈ ಬೆವೆತಿತ್ತು. ನ್ಯಾಯಾಧೀಶರು ಓದುತ್ತಾ ಹೋದರು. ಅಪಘಾತದ ತಪ್ಪು ಪೂರ್ತಿಯಾಗಿ ಗೂಡ್ಸ್ ಗಾಡಿಯದು. ಅರ್ಜಿದಾರಳು ಹಿಂಬದಿಯಲ್ಲಿ ಕುಳಿತವಳಲ್ಲ, ಗೃಹಿಣಿ ಮಾತ್ರವೂ ಅಲ್ಲ. ಲೈಸೆನ್ಸ್ ಪಡೆದ, ನುರಿತ ಸವಾರೆ. ಆ ಸವಾರಿಯೇ ಆಕೆಯ ವೃತ್ತಿಯ ಆಧಾರ. ಆದ್ದರಿಂದ ಚಿಕಿತ್ಸೆಯ ಖರ್ಚಷ್ಟೇ ಅಲ್ಲ, ಕಳೆದುಹೋದ ದುಡಿಮೆ, ಮುಂದೆ ಕಳೆಯಲಿರುವ ದುಡಿಮೆ, ಆಕೆಯ ಕಾಲಿಗೆ ಹೊಂದುವಂಥ ಗಾಡಿ ಮಾಡಿಸಿಕೊಳ್ಳುವ ವೆಚ್ಚ, ಎಲ್ಲವನ್ನೂ ಬಡ್ಡಿಸಹಿತ ಕಂಪನಿ ಕೊಡತಕ್ಕದ್ದು.

ಮೊತ್ತ ಎಷ್ಟೆಂದು ಓದಿದಾಗ ಅತ್ತೆ ಉಸಿರೆಳೆದುಕೊಂಡದ್ದು ಕೇಳಿಸಿತು. ಅವಳಿಗೆ ಮಾತ್ರ ಆ ಸಂಖ್ಯೆ ಕಿವಿಗೆ ಬೀಳಲೇ ಇಲ್ಲ. ಸವಾರೆ ಎಂಬಲ್ಲೇ ಅವಳು ನಿಂತುಬಿಟ್ಟಿದ್ದಳು. ತುಂಬಿದ ಕೋಣೆಯಲ್ಲಿ, ಸರ್ಕಾರದ ಮೊಹರು ಬೀಳುವ ಕಾಗದದಿಂದ, ಗಟ್ಟಿ ದನಿಯಲ್ಲಿ ಓದಿದ ಮಾತು ಅದು. ಇನ್ನು ಯಾರೂ ಅವಳನ್ನು ಎಬ್ಬಿಸಿ ಹಿಂದೆ ಕೂರಿಸುವಂತಿಲ್ಲ.

ಶಾಲೆಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಕ್ಕಳು ಹಳೆಯ ಹೆಸರು ಕಿತ್ತುಹಾಕಿ ಹಿಂಬದಿ ಮೇಷ್ಟ್ರು ಎಂದು ಹೊಸ ಹೆಸರಿಟ್ಟರು. ಮೇಷ್ಟ್ರೇ ಮನೆಗೆ ಬಂದು ಅದನ್ನು ಹೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಎಷ್ಟೋ ವರ್ಷ ಬಿಗಿದುಕೊಂಡಿದ್ದ ಮೇಲಿನ ಗುಂಡಿಯೊಂದನ್ನು ಸಡಿಲಿಸಿದವರ ಹಾಗೆ.

ಗಾಡಿ ಸಿದ್ಧವಾಗಿ ಬಂದದ್ದು ಒಂದು ತಿಳಿ ಬೆಳಗಿನ ಹೊತ್ತು. ಹಿಂದೆ ಎರಡೂ ಕಡೆ ಒಂದೊಂದು ಚಕ್ರ, ಬಲಗಾಲು ಮಾಡುತ್ತಿದ್ದ ಕೆಲಸವೆಲ್ಲ ಈಗ ಕೈಗೆ. ಹೊಸದಾಗಿ ಪರೀಕ್ಷೆ ಕೊಟ್ಟು ಲೈಸೆನ್ಸನ್ನೂ ತಿದ್ದಿಸಿಕೊಂಡಿದ್ದಳು. ಲ್ಯಾಬಿನವರು ಯಾವಾಗ ಬರ್ತೀಯ ಎಂದು ಫೋನ್ ಮಾಡುತ್ತಲೇ ಇದ್ದರು. ಅವಳು ಬೀದಿಯ ತುದಿಯವರೆಗೆ ಒಬ್ಬಳೇ ಹೋಗಿ ತಿರುಗಿಸಿಕೊಂಡು ಬಂದಳು. ಅಕ್ಕಪಕ್ಕದವರು ಗೇಟಿನಲ್ಲಿ ನಿಂತಿದ್ದರು. ಅತ್ತೆ ಅವರಿಗೆಲ್ಲ, ನಮ್ಮ ಸೊಸೆ ಓಡಿಸದ ಗಾಡಿ ಯಾವುದಿದೆ, ಕೋರ್ಟಿನಲ್ಲೇ ಬರೆದುಕೊಟ್ಟಿದ್ದಾರೆ ಎಂದು ವಿವರಿಸುತ್ತಿದ್ದರು. ತಾವೇ ಕಲಿಸಿದವರ ಠೀವಿ.

ಅವಳು ಗಾಡಿಯನ್ನು ಅತ್ತೆಯ ಮುಂದೆ ತಂದು ನಿಲ್ಲಿಸಿದಳು. ಬರ್ತೀರಾ ಎಂದು ಬಾಯಲ್ಲಿ ಕೇಳಲಿಲ್ಲ, ಹಿಂದಿನ ಸೀಟನ್ನು ತಟ್ಟಿದಳು ಅಷ್ಟೆ. ಅತ್ತೆ ಬೀದಿಯ ಆ ಕಡೆ ಈ ಕಡೆ ನೋಡಿದರು. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಸೊಂಟ ಹಿಡಿದರೆ ಯಾರು ನೋಡೋರು, ಜನ ಏನಂದಾರು ಎಂದು ಗೊಣಗುತ್ತಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಕೈಯಿಂದ ಹೆಲ್ಮೆಟ್ ಕಿತ್ತುಕೊಂಡು, ಅವನ ಹೆಗಲು ಹಿಡಿದು ಹತ್ತಿ ಕುಳಿತರು. ಗಾಡಿ ಹೊರಟಿತು. ಮೊದಲ ತಿರುವಿನವರೆಗೂ ಅವರದು ಒಂದೇ ಜಪ, ಮೆಲ್ಲಗೆ, ಮೆಲ್ಲಗೆ. ಉಗುರು ಸೊಸೆಯ ಹೆಗಲಿಗೆ ನಾಟಿದ್ದವು.

ಬಾಗಿಲು ದಾಟಿದಂತೆ ಗಾಡಿ ತಿರುವು ದಾಟಿತು. ಆಚೆಗೆ ದೊಡ್ಡ ರಸ್ತೆ, ಬಿಸಿಲು, ಎದುರುಗಾಳಿ. ಉಗುರು ಒಂದೊಂದಾಗಿ ಸಡಿಲವಾದವು. ಆಮೇಲೆ ಅತ್ತೆ ಅವಳ ಕಿವಿಯ ಹತ್ತಿರ ಬಾಗಿ ಕೇಳಿದರು:

"ಇಷ್ಟೇನೇ ಇದು ಹೋಗೋದು?"